ಏಳು ವರಸೆ ಗೋಡೆ

ನನ್ನ ಮೊಮ್ಮಗಳು ಹುಟ್ಟಿದ ವರ್ಷವನ್ನು ನಾನು ಪೂರ್ತಿ ಸಿಟ್ಟಿನಲ್ಲೇ ಕಳೆದೆ. ಖುಷಿ ಇರಲಿಲ್ಲವೇ ಅಂತ ಕೇಳಿದರೆ, ಇತ್ತು. ಎರಡು ಕೈಯಲ್ಲಿ ಬಾಚಿದರೂ ಮುಗಿಯದಷ್ಟು ಇತ್ತು. ಮದುವೆಯಾಗಿ ಎಂಟು ವರ್ಷಕ್ಕೆ ಮಗಳು ಬಸುರಿಯಾಗಿದ್ದಳು. ಸುದ್ದಿ ಬಂದ ದಿನ ಬೀದಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು ಬೆಲ್ಲ ಕೊಟ್ಟೆ. ನಮ್ಮ ಜೊತೆ ಮಾತು ಬಿಟ್ಟಿದ್ದ ಪಕ್ಕದ ಮನೆಯವಳಿಗೂ ಕೊಟ್ಟೆ, ಅವಳೂ ಬಾಯಿಗೆ ಹಾಕಿಕೊಂಡಳು. ಅಂಥ ಖುಷಿಯನ್ನು ನೆಮ್ಮದಿಯಾಗಿ ಕೂತು ಅನುಭವಿಸಲು ಬಿಡಲಿಲ್ಲವಲ್ಲ, ಅದಕ್ಕೇ ಸಿಟ್ಟು. ಇವತ್ತಿಗೂ ಅದು ಪೂರ್ತಿ ಇಳಿದಿಲ್ಲ. ಇಳಿಯಲಿ ಅಂತ ನನಗೆ ಆಸೆಯೂ ಇಲ್ಲ.

ನಮ್ಮದು ಪಿರಿಯಾಪಟ್ಟಣದ ಕಡೆಯ ಹಳ್ಳಿ. ಎರಡು ಎಕರೆಯಲ್ಲಿ ಹೊಗೆಸೊಪ್ಪು, ಅದರ ಜೊತೆಗೆ ಗೋಡೆ ಕೆಲಸ. ನನ್ನ ಗಂಡ, ನಾನು, ಇನ್ನೂ ನಾಲ್ಕು ಆಳು ಸೇರಿ ಬ್ಯಾರನ್ನು ಕಟ್ಟುತ್ತಿದ್ದೆವು. ಬ್ಯಾರನ್ನು ಅಂದರೆ ಹೊಗೆಸೊಪ್ಪು ಬೇಯಿಸುವ ಕೋಣೆ. ಮೂರು ಆಳೆತ್ತರ, ಕಿಟಕಿ ಇಲ್ಲ, ಬಗ್ಗಿ ಹೋಗುವಷ್ಟು ಸಣ್ಣ ಬಾಗಿಲು. ಹಿಂದಿನ ಗೋಡೆಯಲ್ಲಿ ನೆಲಕ್ಕೆ ಸಮನಾಗಿ ಒಲೆಯ ಬಾಯಿ. ಒಳಗೆ ಮೇಲಿನವರೆಗೂ ಅಡ್ಡ ಗಳಗಳು, ಸೊಪ್ಪು ಕಟ್ಟಿದ ಕಡ್ಡಿ ತೂಗುಹಾಕಲು. ಆ ಹೊತ್ತಿಗೆ ನಮ್ಮ ಕಡೆ ಮನೆಗೆ ಮಣ್ಣಿನ ಗೋಡೆ ಹಾಕಿಸುವವರು ಇರಲಿಲ್ಲ. ಎಲ್ಲರಿಗೂ ಇಟ್ಟಿಗೆ, ಸಿಮೆಂಟು. ಬ್ಯಾರನ್ನಿಗೆ ಮಾತ್ರ ಮಣ್ಣೇ ಬೇಕಿತ್ತು, ಏಕೆಂದರೆ ಒಳಗಿನ ಬಿಸಿ ಹೊರಗೆ ಹೋಗಬಾರದು, ಹೊರಗಿನ ಗಾಳಿ ಒಳಗೆ ಬರಬಾರದು. ಸರ್ಕಾರದಿಂದ ಬಂದ ನಮ್ಮ ಸ್ವಂತ ಮನೆಗೂ ಸಿಮೆಂಟಿನ ಗೋಡೆ, ಮೇಲೆ ಶೀಟು. ಬೇಸಿಗೆಯಲ್ಲಿ ಅದರೊಳಗೆ ಕೂತರೆ ತಲೆ ಮೇಲೆ ರೊಟ್ಟಿ ಸುಡಬಹುದಿತ್ತು.

ಮಗಳನ್ನು ಹುಣಸೂರಿನ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಬಸುರಿಯಾದ ಮೇಲೆ ನೋಡಲು ಹೋದಾಗ ನನ್ನ ಬೀಗಿತ್ತಿ ಕಾಫಿ ಲೋಟ ಕೈಗೆ ಕೊಡುವ ಮೊದಲೇ ಮಾತು ಶುರುಮಾಡಿದಳು.

"ಅಲ್ಲ ಕಣವ್ವ, ಚೊಚ್ಚಲ ಎರಿಗೆ, ತವರಿಗೆ ಕಳಿಸ್ಬೇಕು, ಒಪ್ಕತೀನಿ. ಆದ್ರೆ ಬಿಸ್ಲುಗಾಲ್ದಾಗೆ ನಿಮ್ಮ ಆ ಶೀಟಿನ ಮನೇಗೆ ಬಾಣಂತಿ ಕಳಿಸಿ, ನನ್ನ ಮಗೀನ ಕಾವ್ಲಿ ಕೆಳಗಿಕ್ಲಾ? ಎಂಟು ವರ್ಸ ಕಾದಿವ್ನಿ ನಾನು."

"ನಾನು ಕಾದಿಲ್ವಾ?" ಅಂದೆ. "ನೋಡ್ತಾ ಇರು. ಉಗಾದಿ ಒತ್ಗೆ ಮಣ್ಣಿನ ಕೋಣೆ ಎಬ್ಬಿಸ್ತೀನಿ. ಒಳಗೆ ಕಾಲಿಟ್ರೆ ನಿಂಗೇ ಎದ್ದೋಗಕ್ಕೆ ಮನಸಾಗಲ್ಲ."

"ನೋಡವಾ ನೋಡವಾ," ಅಂದಳು ಬೀಗಿತ್ತಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು. ಆ ಮೂಗು ಒರೆಸಿದ್ದು ನನಗೆ ಹತ್ತು ಮಾತಿಗೆ ಸಮ.

ಊರಿಗೆ ಬಂದವಳೇ ಕೆಲಸ ಹಿಡಿದೆ. ಹಿತ್ತಲಲ್ಲಿ ಕೆಮ್ಮಣ್ಣು, ಕೆರೆಯ ಜೇಡಿ, ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ಗುಡ್ಡೆ ಹಾಕಿ ನೀರುಣಿಸಿ ಕೊಳೆಯಲು ಬಿಟ್ಟೆ. ಎಂಟು ದಿನಕ್ಕೊಮ್ಮೆ ತುಳಿಯುವುದು, ಮತ್ತೆ ನೀರು, ಮತ್ತೆ ಬಿಡುವುದು. ಚೆನ್ನಾಗಿ ಕೊಳೆತ ಮಣ್ಣಿಗೆ ಹುಳಿ ವಾಸನೆ ಬರುತ್ತದೆ, ಬೆರಳಲ್ಲಿ ಎಳೆದರೆ ಬೆಣ್ಣೆಯ ಹಾಗೆ ಜಾರುತ್ತದೆ. ಮೇಲ್ಚಾವಣಿಗೆ ಅಂತ ಬಾದೆ ಹುಲ್ಲು ಕೊಯ್ದು ಹೊರೆ ಕಟ್ಟಿ ಜಗಲಿಯ ಮೇಲೆ ಒಟ್ಟಿದೆ. ಲೆಕ್ಕ ಬಹಳ ಸುಲಭವಿತ್ತು. ಗೋಡೆಯನ್ನು ವರಸೆ ವರಸೆಯಾಗಿ ಎಬ್ಬಿಸಬೇಕು, ಒಂದು ವರಸೆ ಒಂದು ಮೊಳ ಎತ್ತರ. ಅದು ಒಣಗಿ, ಮೇಲೆ ಹಿಮ್ಮಡಿ ಊರಿ ನಿಂತರೂ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಮುಂದಿನ ವರಸೆ. ಕೋಣೆಗೆ ಏಳು ವರಸೆ. ಬಿಸಿಲು ಚೆನ್ನಾಗಿದ್ದರೆ ವರಸೆಗೆ ಐದು ದಿನ. ಅವಸರ ಮಾಡಿದರೆ ಕೆಳಗಿನದು ಉಬ್ಬುತ್ತದೆ, ಮೇಲಿನದು ಕೂರುತ್ತದೆ, ಮೂಲೆ ಬಾಯಿಬಿಡುತ್ತದೆ. ಈ ಕೆಲಸವನ್ನು ಯಾವ ದೇವರು ಬಂದರೂ ಬೇಗ ಮಾಡಿಸಲಾರ.

ಸಂಕ್ರಾಂತಿ ಕಳೆದ ವಾರ ನಮ್ಮ ಮನೆ ಮುಂದೆ ಜೀಪು ನಿಂತಿತು. ಇಳಿದವರು ಮೂವತ್ತರ ಆಸುಪಾಸಿನ ಕನ್ನಡಕದವರು, ಮೈಸೂರಿನಿಂದ ಬಂದಿದ್ದರು. ಕಟ್ಟಡದ ನಕ್ಷೆ ಬರೆಯುವುದು ಅವರ ಕೆಲಸ. ನಾವು ಅವರನ್ನು ನಕ್ಷೆಯವರು ಅಂತಲೇ ಕರೆದೆವು. ಎಚ್.ಡಿ. ಕೋಟೆಯ ಕಡೆ, ಹಂಪಾಪುರದಿಂದ ಇನ್ನೂ ಮುಂದೆ, ಕಪಿಲೆಯ ಹಿನ್ನೀರಿನ ದಂಡೆಯಲ್ಲಿ ಒಬ್ಬ ಧಣಿ ಪ್ರವಾಸಿಗರಿಗೆ ಆರು ಲಾಡ್ಜು ಕಟ್ಟಿಸುತ್ತಾನಂತೆ. ಲಾಡ್ಜು ಅಂದರೆ ಪೇಟೆಯ ಲಾಡ್ಜಲ್ಲ, ಒಂದೊಂದೂ ಬಿಡಿ ಮನೆ. ಎಲ್ಲ ಮಣ್ಣು, ಬಿದಿರು, ಹುಲ್ಲು, ಅಲ್ಲೇ ಸಿಗುವ ಕಲ್ಲು.

"ಒಂದು ಚಮಚ ಸಿಮೆಂಟ್ ಕೂಡ ಇರಲ್ಲ ಅಮ್ಮಾ," ಅಂದರು. "ಭೂಮಿಯಿಂದ ಬಂದದ್ದು ಭೂಮಿಗೆ ಹೋಗಬೇಕು. ಆದರೆ ಮಣ್ಣಿನ ಗೋಡೆ ಎಬ್ಬಿಸೋರೇ ಸಿಗ್ತಿಲ್ಲ. ಬ್ಯಾರನ್ ಕಟ್ಟೋರನ್ನ ಕೇಳಿ ಅಂದ್ರು."

ಹಿತ್ತಲಿಗೆ ಹೋದವರು ನನ್ನ ಮಣ್ಣಿನ ಗುಡ್ಡೆ ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಒಂದು ಹಿಡಿ ತೆಗೆದು ಮೂಸಿದರು. ಪೇಟೆಯವರು ಮೂಗು ಮುಚ್ಚುವ ವಾಸನೆ ಅದು. ಅವರು ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು. ನಾನು ಅಲ್ಲೇ ಸೋತೆ. ಇಪ್ಪತ್ತೈದು ವರ್ಷ ಮಣ್ಣು ತುಳಿದಿದ್ದೆ, ನಾನು ತುಳಿದ ಮಣ್ಣನ್ನು ಒಬ್ಬರೂ ಹಾಗೆ ಮೂಸಿರಲಿಲ್ಲ. ನನ್ನ ಗಂಡನಂತೂ ಮದುವೆ ಗಂಡಿನ ಹಾಗೆ ನಿಂತಿದ್ದ.

"ಶಿವರಾತ್ರಿ ಒತ್ಗೆ ನಾವು ಊರಲ್ಲಿರ್ಬೇಕು ಸಾರ್," ಅಂದೆ. "ಮಗಳ ಬಾಣಂತನಕ್ಕೆ ಕೋಣೆ ಕಟ್ಟೋದೈತೆ. ಅದು ಇಲ್ದಿದ್ರೆ ಅವಳತ್ತೆ ಕಳ್ಸದೇ ಇಲ್ಲ."

"ಖಂಡಿತ ಅಮ್ಮಾ. ಮೊದಲನೇ ಲಾಡ್ಜ್ ನೀವು ಎಬ್ಬಿಸಿ ತೋರಿಸಿ, ಮಿಕ್ಕಿದ್ದು ನಿಮ್ಮನ್ನ ನೋಡಿ ಅಲ್ಲಿನವರು ಮಾಡ್ತಾರೆ." ಹಾಗೆ ಅಂದು ಜಗಲಿಯ ಮೇಲಿದ್ದ ಹುಲ್ಲಿನ ಹೊರೆ ನೋಡಿದರು. "ಈ ಹುಲ್ಲೂ ಕೊಟ್ಟಿರಿ. ಅಲ್ಲಿ ಕೊಯ್ಲು ಶುರುವಾದ ತಕ್ಷಣ ಇದರ ಎರಡರಷ್ಟು ಕಳಿಸ್ತೀನಿ."

ಕೊಟ್ಟೆ. ನನ್ನ ಕೈಯಾರೆ ಲಾರಿಗೆ ಹೇರಿದೆ.

ಹಿನ್ನೀರಿನ ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀರು ಇಳಿದ ಕಡೆ ಹಸಿರು ಹುಲ್ಲು, ದೂರದಲ್ಲಿ ಕಾಡು. ನಕ್ಷೆಯವರು ದೊಡ್ಡ ಕಾಗದ ಹಾಸಿ ಗೆರೆ ತೋರಿಸಿದರು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಆ ಗೆರೆಗಳು ನನಗೆ ಇರುವೆ ಸಾಲಿನ ಹಾಗೆ ಕಂಡವು. "ಕಾಗ್ದ ಮಡಿಸಿಟ್ಕಳಿ ಸಾರ್, ಅಗ್ಗ ಕೊಡಿ," ಅಂದೆ. ಹಗ್ಗ ಹಿಡಿದು, ಬೂದಿ ಸುರಿದು ನೆಲದ ಮೇಲೆ ಮನೆ ಬರೆದೆವು. ಅವರು ಆ ಬೂದಿ ಗೆರೆಯೊಳಗೆ ಮಲಗಿ ನೋಡಿದರು, ಎದ್ದು ಬಾಗಿಲು ಇರುವ ಕಡೆ ಬಗ್ಗಿ ನೋಡಿದರು, ಎರಡು ಗೇಣು ಜರುಗಿಸಿ ಅಂದರು. ಅದು ಸರಿಯಾಗಿತ್ತು. ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಅದನ್ನು ನೆನೆದಾಗಲೇ ನನಗೆ ಇನ್ನೂ ಹೆಚ್ಚು ಸಿಟ್ಟು ಬರುವುದು.

ಎರಡು ವರಸೆ ಎದ್ದ ಮೇಲೆ ಒಂದು ತಮಾಷೆಯಾಯಿತು. ಹಿಂದಿನ ಗೋಡೆ ನನ್ನ ಗಂಡನ ಪಾಲು. ಬೆಳಗ್ಗೆ ನಕ್ಷೆಯವರು ಬಂದು ನೋಡುತ್ತಾರೆ, ಗೋಡೆಯ ನಟ್ಟನಡುವೆ ನೆಲಕ್ಕೆ ಸಮನಾಗಿ ಒಂದು ಕಮಾನಿನ ಕಂಡಿ. ಬ್ಯಾರನ್ನಿನ ಒಲೆಯ ಬಾಯಿ! ಇಪ್ಪತ್ತೈದು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ತಾನೇ ಬಿಟ್ಟುಬಿಟ್ಟಿತ್ತು.

"ಏನ್ಲಾ ಯಜಮಾನ," ಅಂತ ಜೊತೆಯ ಆಳು ಒಬ್ಬ ನೆಲಕ್ಕೆ ಕುಸಿದು ನಕ್ಕ, "ಬಂದ ಗೆಸ್ಟ್‌ಗಳ್ನೆಲ್ಲ ಕಡ್ಡೀಗೆ ಕಟ್ಟಿ ಬೇಯಿಸ್ಬುಡನಾ ಅಂತವಾ?"

"ಬೆಂದ್ರೆ ಒಳ್ಳೆ ಬಣ್ಣ ಬತ್ತದೆ ಬುಡ್ಲಾ," ಅಂದ ನನ್ನ ಗಂಡ, ಮುಖ ಮಾತ್ರ ಸುಟ್ಟ ಬದನೆಕಾಯಿ.

ನಕ್ಷೆಯವರು ನಗಲಿಲ್ಲ. ಕಂಡಿಯ ಮುಂದೆ ಅಡ್ಡ ಮಲಗಿ ಆಚೆ ನೋಡಿದರು. ಅಲ್ಲಿಂದ ನೀರು ಕಾಣುತ್ತಿತ್ತು. "ಮುಚ್ಚಬೇಡಿ," ಅಂದರು. "ಹಾಸಿಗೆ ಮೇಲೆ ಮಲಗಿದ್ದೇ ಹಿನ್ನೀರು ನೋಡಬಹುದು. ಆರರಲ್ಲೂ ಇದನ್ನೇ ಬಿಡಿ." ಆ ದಿನ ನನಗೆ ಆ ಮನುಷ್ಯನ ಮೇಲೆ ಇದ್ದ ಪ್ರೀತಿ ಹೊಟ್ಟೆಯಲ್ಲಿ ಹುಟ್ಟಿದ ಮಗನ ಮೇಲಿನ ಪ್ರೀತಿ.

ಐದನೇ ವರಸೆ ಹಸಿಯಿರುವಾಗ ಅಕಾಲದ ಮಳೆ ಬಂತು. ಒಂದು ಗಂಟೆ ಹೊಡೆಯಿತು. ಮುಚ್ಚಲು ತಂದಿದ್ದ ಟಾರ್ಪಾಲು ಗಾಳಿಗೆ ಹಾರಿ, ಒಂದು ಮೂಲೆ ಬೊಗಸೆಯಷ್ಟು ಕರಗಿತು. ಬೊಗಸೆಯಷ್ಟು, ಅಷ್ಟೇ. ಅರ್ಧ ದಿನದ ಕೆಲಸ. ಆದರೆ ಮಾರನೇ ದಿನ ಧಣಿ ಬಂದ. ಕಾರಿನಿಂದ ಇಳಿದವನು ಕೆಸರು ಮೆಟ್ಟದೆ ದೂರದಲ್ಲೇ ನಿಂತು ಮೂಲೆ ನೋಡಿದ.

"ಮುಗೀತು. ನಾಳೆಯಿಂದ ಬ್ಲಾಕ್ ಬರುತ್ತೆ. ಮಿಕ್ಕಿದ ಐದಕ್ಕೂ ಸಿಮೆಂಟ್ ಬ್ಲಾಕ್ ಹಾಕಿ. ಮೇಲೆ ಮಣ್ಣು ಬಳೀರಿ. ನೋಡೋರಿಗೆ ಮಣ್ಣಿನ ಥರ ಕಂಡ್ರೆ ಸಾಕು. ಇದಕ್ಕೂ ತಂತಿ ಬಲೆ ಹೊಡೆದು ಸಿಮೆಂಟ್ ಗಿಲಾವು ಮಾಡಿ."

"ಬುದ್ಧಿ," ಅಂದೆ ನಾನು, "ಮಣ್ಣಿನ ಗೋಡೆ ಮ್ಯಾಕೆ ಸಿಮೆಂಟ್ ಮೆತ್ತುದ್ರೆ ಅದ್ಕೆ ಉಸ್ರು ಕಟ್ತದೆ. ಒಳಗೆ ನೀರು ನಿಂತು ಒಳಗೊಳಗೇ ಕೊಳೀತದೆ. ಸುಮ್ಕೆ ಬುಟ್ರೆ ನೂರು ವರ್ಸ ನಿಲ್ತದೆ."

ಧಣಿ ನನ್ನ ಕಡೆ ನೋಡಲಿಲ್ಲ. ನಕ್ಷೆಯವರ ಕಡೆ ನೋಡಿದ. ನಾನೂ ನಕ್ಷೆಯವರ ಕಡೆ ನೋಡಿದೆ. ಈಗ ಹೇಳುತ್ತಾರೆ ಅಂದುಕೊಂಡೆ. ಚಮಚದ ಮಾತು ಹೇಳುತ್ತಾರೆ, ಭೂಮಿಗೆ ಹೋಗುವ ಮಾತು ಹೇಳುತ್ತಾರೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಒರೆಸಿದರು, ಒರೆಸಿದರು, ಧಣಿಯ ಕಾರು ಹೊರಟು ಹೋಗುವವರೆಗೂ ಒರೆಸಿದರು.

ಆಮೇಲೆ ನಡೆದದ್ದನ್ನು ಹೇಳಲು ಹೋದರೆ ಈಗಲೂ ಮೈ ಬಿಸಿಯಾಗುತ್ತದೆ. ಬ್ಲಾಕ್ ಗೋಡೆ ಎಂಟು ದಿನಕ್ಕೆ ಎರಡು ಮನೆಯಂತೆ ಎದ್ದವು. ನಮಗೆ ಮೇಲೆ ಮಣ್ಣು ಬಳಿಯುವ ಕೆಲಸ. ಸಿಮೆಂಟಿಗೆ ಮಣ್ಣು ಹಿಡಿಯುವುದಿಲ್ಲ. ಬೆಳಗ್ಗೆ ಬಳಿದದ್ದು ಸಂಜೆಗೆ ಹಾವಿನ ಪೊರೆಯ ಹಾಗೆ ಸುಲಿದು ಬೀಳುತ್ತಿತ್ತು. ಮರಗೆಲಸದವರು ಬಳಸುವ ಬಿಳಿ ಅಂಟಿನ ಡಬ್ಬಗಳು ಬಂದವು. ಅದನ್ನು ಮಣ್ಣಿಗೆ ಕಲಸಿ ಬಳಿಯಿರಿ ಅಂದರು. ಕಲಸಿದೆ. ಹುಳಿ ಬಂದ, ಬೆಣ್ಣೆಯಂಥ ಮಣ್ಣಿಗೆ ಡಬ್ಬದ ಅಂಟು ಸುರಿದು ಈ ಕೈಗಳಿಂದಲೇ ಕಲಸಿದೆ. ಆ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ.

ಯಾಕೆ ಎದ್ದು ಬರಲಿಲ್ಲ ಅಂದರೆ, ನನ್ನ ಗಂಡನಿಗೆ ಕೊಟ್ಟ ಮಾತಿನ ಹುಚ್ಚು. "ಒಪ್ಕಂಡಿದ್ದು ಮುಗಿಸ್ಬುಟ್ಟು ಓಗವಾ ಕಣಮ್ಮಿ. ನಡುವೆ ಬುಟ್ಟೋದ ಅಂತ ಯಾವನೂ ಬೊಟ್ಟು ಮಾಡಬಾರ್ದು." ನಕ್ಷೆಯವರು ದಿನವೂ "ಇನ್ನೆರಡೇ ದಿನ ಅಮ್ಮಾ" ಅನ್ನುತ್ತಿದ್ದರು. ಅವರ ಎರಡು ದಿನ ನನಗೆ ಊರಲ್ಲಿ ಅರ್ಧ ವರಸೆ. ಶಿವರಾತ್ರಿ ಅಲ್ಲೇ ಕಳೆಯಿತು. ಗೋಡೆ ಬಳಿಯುತ್ತ ಮನಸ್ಸಿನಲ್ಲೇ ಕಳೆಯುತ್ತಿದ್ದೆ: ಈಗ ಹೊರಟರೆ ಏಳೂ ವರಸೆ ಆದೀತು, ಈಗ ಹೊರಟರೆ ಆರು, ಈಗ ಐದು. ಲೆಕ್ಕ ಒಂದಕ್ಕೆ ಇಳಿದಾಗ ಬೀಗಿತ್ತಿಯ ಸುದ್ದಿ ಬಂತು. ಉಗಾದಿ ಮುಗಿದ ಬುಧವಾರ ತಾನೇ ಕರೆದುಕೊಂಡು ಬರುತ್ತಾಳಂತೆ, ಕೋಣೆ ನೋಡಿ ಬಿಟ್ಟು ಹೋಗುತ್ತಾಳಂತೆ, ಇಲ್ಲದಿದ್ದರೆ ಅದೇ ಬಸ್ಸಿನಲ್ಲಿ ವಾಪಸ್ಸು ಕರೆದೊಯ್ಯುತ್ತಾಳಂತೆ.

ಅದರ ಮಾರನೇ ದಿನ ಕ್ಯಾಮೆರಾದವನನ್ನು ಕರೆತಂದರು. ಬಾಗಿಲ ಹತ್ತಿರ ಬೋರ್ಡು ನೆಟ್ಟಿದ್ದರು. ಇಂಗ್ಲಿಷಿನಲ್ಲಿತ್ತು. ಏನು ಬರೆದಿದೆ ಅಂತ ಕೇಳಿದೆ.

"ನೂರಕ್ಕೆ ನೂರು ಮಣ್ಣಿನ ಮನೆ, ಹಳ್ಳಿಯವರ ಕೈಯಿಂದ ಅಂತ," ಅಂದ ಕ್ಯಾಮೆರಾದವನು. "ಅಮ್ಮ, ಆ ಗೋಡೆ ಮುಂದೆ ಕೂತು ಮಣ್ಣು ಬಳೀತಾ ಸ್ವಲ್ಪ ನಗಿ. ನಿಮ್ಮ ಕೈ ಚೆನ್ನಾಗಿ ಕಾಣಬೇಕು."

ನಾನು ಕೈಯಲ್ಲಿದ್ದ ಬಾಂಡ್ಲಿ ಕೆಳಗಿಟ್ಟೆ. "ನೂರಕ್ಕೆ ನೂರಾ?" ಅಂದೆ. ನಕ್ಷೆಯವರು ಅಲ್ಲೇ ಇದ್ದರು. ಅವರ ಎದುರಿಗೇ ಗೋಡೆಗೆ ಉಗುರು ಹಾಕಿ ಒಂದು ಹಪ್ಪಳದಷ್ಟು ಮಣ್ಣು ಕಿತ್ತೆ. ಒಳಗೆ ಬೂದು ಬಣ್ಣದ ಬ್ಲಾಕು ಹಲ್ಲು ಕಿರಿಯಿತು. "ಇದರ ಪಟಾನೂ ತಗೊಳಪ್ಪ. ಇದೂ ಅಳ್ಳಿಯೋರ ಕೈಯಿಂದ್ಲೇ ಆಗಿದ್ದು."

ಕೈ ತೊಳೆಯಲೂ ಇಲ್ಲ, ರಸ್ತೆಯ ಕಡೆ ನಡೆದುಬಿಟ್ಟೆ. ನನ್ನ ಗಂಡ ಗುದ್ದಲಿ, ಪಾತ್ರೆ ಗಂಟು ಹೊತ್ತು ಹಿಂದೆ ಓಡಿ ಬಂದ, "ನಿಲ್ಲೇ, ನಿಲ್ಲೇ ಮಾರಾಯ್ತಿ, ಚಪ್ಪಲಿನಾದ್ರೂ ಮೆಟ್ಕಳೇ" ಅಂತ. ತರಕಾರಿ ಟೆಂಪೊ ಹತ್ತಿ ಹಂಪಾಪುರಕ್ಕೆ ಬಂದು ಬಸ್ಸು ಹಿಡಿದೆವು.

ಊರಲ್ಲಿ ನನ್ನ ಮಣ್ಣಿನ ಗುಡ್ಡೆ ನೀರಿಲ್ಲದೆ ಬಿರುಕು ಬಿಟ್ಟಿತ್ತು. ಕೋಳಿಗಳು ಕೆದಕಿ ಹಿತ್ತಲಿಗೆಲ್ಲ ಹರಡಿದ್ದವು. ಜಗಲಿಯ ಮೇಲೆ ಒಂದು ಎಳೆ ಹುಲ್ಲಿಲ್ಲ. ಎರಡರಷ್ಟು ಕಳಿಸುತ್ತೇನೆ ಅಂದವರು ಒಂದು ಪಿಂಡಿಯನ್ನೂ ಕಳಿಸಿರಲಿಲ್ಲ. ಉಗಾದಿಗೆ ಆರು ದಿನ ಇತ್ತು. ಆರು ದಿನದಲ್ಲಿ ಒಂದು ವರಸೆ ಆಗುತ್ತದೆ. ಒಂದು ಮೊಳದ ಗೋಡೆಯೊಳಗೆ ಬಾಣಂತಿಯನ್ನು ಮಲಗಿಸಲಾಗುತ್ತದೆಯೇ?

ಬುಧವಾರ ಬೀಗಿತ್ತಿ ಬಂದಳು. ಮಗಳು ತುಂಬಿದ ಹೊಟ್ಟೆ ಹಿಡಿದು ಹಿಂದೆ ನಿಂತಿದ್ದಳು. ಅವಳ ಮುಖ ನೋಡಿ ನನ್ನ ಎದೆ ಹಾಲಾಯಿತು, ಬೀಗಿತ್ತಿಯ ಮುಖ ನೋಡಿ ಸುಣ್ಣವಾಯಿತು.

"ಎಲ್ಲವ್ವಾ ಅರಮನೆ?" ಅಂದಳು.

ನನಗಿಂತ ಮೊದಲು ನನ್ನ ಗಂಡ ಬಾಯಿಬಿಟ್ಟ. ಹಿಂದಿನ ಸೊಪ್ಪಿನ ಕಾಲ ಮುಗಿದ ಮೇಲೆ ನಾವು ನಮಗೇ ಅಂತ ಒಂದು ಹೊಸ ಬ್ಯಾರನ್ನು ಕಟ್ಟಿದ್ದೆವು. ಬರುವ ಸೊಪ್ಪಿನ ಕಾಲಕ್ಕೆ ಅಂತ. ಅದಕ್ಕೆ ಒಲೆಯ ಬಿಸಿ ಹರಿಸುವ ಪೈಪು ಹಾಕಿರಲಿಲ್ಲ, ಒಂದು ಸಲವೂ ಒಲೆ ಹಚ್ಚಿರಲಿಲ್ಲ, ಒಂದು ಎಲೆ ಸೊಪ್ಪೂ ಒಳಗೆ ಹೋಗಿರಲಿಲ್ಲ. "ಅದ್ರೊಳಗೆ ತಂಪೈತೆ ಕಣವ್ವ. ಸಾರಿಸಿ ಸುಣ್ಣ ಬಳ್ದಿವ್ನಿ," ಅಂದ. ನನಗೆ ಹೇಳದೆಯೇ ಎರಡು ದಿನದಿಂದ ಅದನ್ನೇ ಮಾಡುತ್ತಿದ್ದನಂತೆ.

ಬೀಗಿತ್ತಿ ಬಗ್ಗಿ ಒಳಗೆ ಹೋದಳು. ಕತ್ತೆತ್ತಿ ಮೂರು ಆಳೆತ್ತರದ ಗಳಗಳನ್ನು ನೋಡಿದಳು. ಹೊರಗೆ ಬಂದು ಮೂಗು ಒರೆಸಿಕೊಂಡಳು. "ಎಂಟು ವರ್ಸಕ್ಕೆ ಒಂದು ಕೂಸು, ಅದನ್ನ ಸೊಪ್ಪು ಬೇಯಿಸೋ ಕ್ವಾಣೆಗೆ ಇಕ್ತೀರಾ. ನಮ್ಮೂರಾಗೆ ಏನಂತ ಯೋಳ್ಲಿ ನಾನು?"

"ಅತ್ತೆ, ನಂಗೆ ಇಲ್ಲೇ ತಂಪಾಗೈತೆ," ಅಂದಳು ಮಗಳು ಒಳಗಿನಿಂದ. ಆಗಲೇ ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತುಬಿಟ್ಟಿದ್ದಳು. "ನಾನಂತೂ ಏಳಲ್ಲ."

ಹಾಗೆ ಉಳಿದಳು. ಆದರೆ ಬೀಗಿತ್ತಿಯ ಮಾತು ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಸೊಪ್ಪು ಮುರಿಯುವ ಕಾಲಕ್ಕೆ ಬ್ಯಾರನ್ನು ಖಾಲಿಯಾಗಲೇಬೇಕು. ಅಷ್ಟರಲ್ಲಿ ಕೋಣೆ ಏಳದಿದ್ದರೆ ಬೀಗಿತ್ತಿ ಬಂದು ತಾಯಿ ಮಗು ಇಬ್ಬರನ್ನೂ ಎತ್ತಿಕೊಂಡು ಹೋಗುತ್ತಾಳೆ. ಐದು ತಿಂಗಳ ಬಾಣಂತನ ಮಾಡಿ ಕಳಿಸುವ ನನ್ನ ಆಸೆ ಮೂರು ತಿಂಗಳಿಗೆ ಮುಗಿಯುತ್ತದೆ. ಆದರೆ ದಿನ ತುಂಬಿದ ಮಗಳನ್ನು ಬಿಟ್ಟು ಮಣ್ಣಿಗೆ ಇಳಿಯಲು ಹೆರಿಗೆ ಮುಗಿಯುವವರೆಗೂ ಆಗಲಿಲ್ಲ.

ಮೂರು ವಾರಕ್ಕೆ ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು. ತಲೆ ತುಂಬ ಕೂದಲು, ಮುಷ್ಟಿ ಬಿಗಿ, ಬಾಯಿ ನನ್ನದು. ನರ್ಸಮ್ಮ ಕೈಗೆ ಕೊಟ್ಟಾಗ ನಾನು ಅತ್ತದ್ದಕ್ಕೆ ವಾರ್ಡಿನ ಬೇರೆ ಹೆಂಗಸರು ಏನೋ ಆಗಿಹೋಯಿತು ಅಂತ ಓಡಿ ಬಂದರು. ನನ್ನ ಗಂಡ ಆಸ್ಪತ್ರೆಯಿಂದ ಮಾಯವಾದವನು ಸಂಜೆಗೆ ಬಂದ. ಬೈಲಕುಪ್ಪೆಗೆ ಹೋಗಿ ಟಿಬೆಟಿನವರ ಅಂಗಡಿಯಲ್ಲಿ ಮೂರು ಉಣ್ಣೆ ಟೋಪಿ ತಂದಿದ್ದ, ಒಂದು ಸಣ್ಣದು, ಒಂದು ನಡುವಿನದು, ಒಂದು ಸ್ಕೂಲಿಗೆ ಹೋಗುವ ಹುಡುಗಿಗೆ ಆಗುವಂಥದ್ದು. ಹೊರಗೆ ಬೆಂಕಿಯಂಥ ಬಿಸಿಲು.

"ನಿಮ್ಗೇನ್ ತಲೆ ಕೆಟ್ಟೈತಾ?" ಅಂದೆ.

"ಕೆಟ್ಟೈತೆ ಕಣೆ," ಅಂದ. "ಕೆಡ್ಲಿ ಬುಡು."

ತೊಟ್ಟಿಲಿಗೆ ಬ್ಯಾರನ್ನಿನ ಕೆಳಗಿನ ಗಳಕ್ಕೇ ಹಗ್ಗ ಕಟ್ಟಿದೆವು. ಎಣ್ಣೆ ಹಚ್ಚಿ ಎರೆದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸಿದರೆ ಎರಡು ಹೊತ್ತು ಏಳುತ್ತಿರಲಿಲ್ಲ. ನಾನು ತೊಟ್ಟಿಲ ಪಕ್ಕ ಕೂತು ಅವಳ ಉಗುರುಗಳನ್ನೇ ನೋಡುತ್ತಿದ್ದೆ. ಅಕ್ಕಿ ನುಚ್ಚಿನಂಥ ಉಗುರುಗಳು. ಸಿಟ್ಟು ಆಗ ಮಾತ್ರ ಸ್ವಲ್ಪ ಹೊರಗೆ ಹೋಗಿ ಕೂರುತ್ತಿತ್ತು.

ಒಂಬತ್ತನೇ ದಿನ ಜೀಪು ಬಂತು. ಪುರುಡು ಕಳೆದಿರಲಿಲ್ಲ. ನಮ್ಮಲ್ಲಿ ಹನ್ನೊಂದು ದಿನ ಹೊರಗಿನವರು ಬಾಣಂತಿಯ ಬಾಗಿಲಿಗೆ ಬರುವಂತಿಲ್ಲ. ನಾನು ಬಚ್ಚಲಲ್ಲಿ ನೀರು ಕಾಯಿಸುತ್ತಿದ್ದೆ. ಮಾತು ಕೇಳಿ ಬಂದರೆ ನಕ್ಷೆಯವರು, ಜೊತೆಗೆ ಇನ್ನಿಬ್ಬರು ಪೇಟೆಯವರು, ಬ್ಯಾರನ್ನಿನ ಬಾಗಿಲಲ್ಲಿ ಬಗ್ಗಿ ಒಳಗೆ ನೋಡುತ್ತಿದ್ದಾರೆ. ಮಗಳು ಹಾಲು ಕೊಡುತ್ತಿದ್ದವಳು ಗಾಬರಿಯಾಗಿ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದ್ದಾಳೆ.

"ನೋಡಿ, ನೋಡಿ, ನಾನು ಹೇಳಿದ್ದು ಇದೇ," ಅಂತ ಅವರು ಜೊತೆಯವರಿಗೆ ಹೇಳುತ್ತಿದ್ದರು. "ಈ ದಪ್ಪ ನೋಡಿ. ಈ ತಂಪು ನೋಡಿ." ಕೈಯಲ್ಲಿ ಕ್ಯಾಮೆರಾ.

ನನ್ನ ಕೈಯಲ್ಲಿ ನೀರು ಮೊಗೆಯುವ ಚೊಂಬಿತ್ತು. ಅದು ಬಿಸಿನೀರಾಗಿರಲಿಲ್ಲ, ಅಷ್ಟು ಅವರ ಪುಣ್ಯ. ಪೂರ್ತಿ ಚೊಂಬು ಬೆನ್ನಿಗೆ ಎರಚಿದೆ.

"ಆಚೀಗ್ ಬನ್ನಿ! ನಿಮ್ಮಮ್ಮ ನಿಮ್ಮನ್ನ ಎತ್ತಾಗ ಇಂಗೇ ಬಂದು ಬಗ್ಗಿ ನೋಡಿದ್ರಾ ಯಾರಾದ್ರೂ?"

ಅವರು ಕನ್ನಡಕದಿಂದ ನೀರು ಇಳಿಸಿಕೊಂಡು ತಿರುಗಿದರು. ತಪ್ಪು ತಿಳಿಯಿತು, ಮುಖ ಕೆಂಪಾಯಿತು. "ಕ್ಷಮಿಸಿ ಅಮ್ಮಾ, ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗಲಿಲ್ಲ. ನಿಮ್ಮನ್ನ ಕರೆದುಕೊಂಡು ಹೋಗೋಕೆ ಬಂದೆ. ಅಲ್ಲಿ ಬಳಿದ ಮಣ್ಣೆಲ್ಲ ಉದುರ್ತಿದೆ. ಮೊದಲನೇ ಲಾಡ್ಜಿನ ಗೋಡೆ ಉಬ್ಬಿದೆ. ಮುಂದಿನ ವಾರ ಗೆಸ್ಟ್ ಬರ್ತಾರೆ."

"ಉಬ್ತದೆ ಅಂತ ನಾನು ಯೋಳಿರ್ಲಿಲ್ವಾ?"

"ನಾನೂ ಧಣಿಗೆ ಹೇಳಿದೆ ಅಮ್ಮಾ, ಅವರು ಕೇಳಲಿಲ್ಲ."

"ಯಾವಾಗ ಯೋಳುದ್ರಿ? ನಾನು ಅಲ್ಲೇ ಇದ್ನಲ್ಲ ಸಾರ್. ಕನ್ನಡಕ ಒರ್ಸ್ತಾ ನಿಂತಿದ್ರಿ. ನಿಮಗೆ ಓದು ಬತ್ತದೆ, ಇಂಗ್ಲೀಸು ಬತ್ತದೆ, ಮಣ್ಣು ಮೂಸಕ್ಕೂ ಬತ್ತದೆ. ಬಾಯಿ ಒಂದು ಬರ್ನಿಲ್ಲ. ನಿಮ್ಮ ಆ ಎರಡೆರಡು ದಿನಕ್ಕೆ ನನ್ನ ಏಳು ವರ್ಸೆ ಓಯ್ತು. ನನ್ನ ಉಲ್ಲೂ ಓಯ್ತು. ನನ್ನ ಮಗಳು ಸೊಪ್ಪಿನ ಕ್ವಾಣೇಲಿ ಬಾಣಂತನ ಮಾಡ್ಕತಾವ್ಳೆ. ಅದ್ರ ಪಟ ಬೇಕಾ ನಿಮ್ಗೆ?"

ನನ್ನ ಗಂಡ ಓಡಿ ಬಂದ. "ಬುಡೆ, ಮನೆಗೆ ಬಂದೋರು," ಅಂದ. ಅವರ ಮುಖ ನೋಡಿ ಅವನಿಗೆ ಪಾಪ ಅನ್ನಿಸಿರಬೇಕು, "ಎಂಟು ದಿನ ಓಗ್ಬುಟ್ಟು ಬರ್ಲಾ?" ಅಂತ ಮೆಲ್ಲಗೆ ನನ್ನನ್ನು ಕೇಳಿದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನಾನು ಅವನನ್ನು ಹಾಗೆ ದುರುಗುಟ್ಟಿ ನೋಡಿದ್ದು ಅದೊಂದೇ ಸಲ. ಅವನು ಕಣ್ಣು ಕೆಳಗೆ ಹಾಕಿ, ನಕ್ಷೆಯವರ ಕಡೆ ತಿರುಗಿ, "ಆಗಕಿಲ್ಲ ಸಾರ್. ನಂಗೆ ಮನೇಲಿ ಗ್ವಾಡೆ ಕೆಲ್ಸ ಐತೆ," ಅಂದ.

ಜೀಪು ಹೋಯಿತು. ಮತ್ತೆ ಬರಲಿಲ್ಲ. ಹುಲ್ಲೂ ಬರಲಿಲ್ಲ. ಆ ಲಾಡ್ಜುಗಳಿಗೆ ಆಮೇಲೆ ಮಣ್ಣಿನ ಬಣ್ಣದ ಪೇಂಟು ಹೊಡೆಸಿದರಂತೆ, ಬೋರ್ಡು ಹಾಗೇ ಇದೆಯಂತೆ. ಅಲ್ಲಿ ಮಲಗಿ ಮಣ್ಣಿನ ಮನೆಯಲ್ಲಿ ಮಲಗಿದೆವು ಅಂತ ನಂಬಿ ಹೋದವರು ಎಷ್ಟು ಜನವೋ. ಅವರನ್ನು ಹಿಡಿದು ನಿಲ್ಲಿಸಿ ಹೇಳಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಅವತ್ತು ಸಂಜೆಯೇ ನಾವು ಹಿತ್ತಲಿಗೆ ಇಳಿದೆವು. ಮಳೆಗಾಲ ಹತ್ತಿರವಿತ್ತು. ಮಳೆಯಲ್ಲಿ ಗೋಡೆ ಎಬ್ಬಿಸಲಾಗದು. ಅದಕ್ಕೆ ನನ್ನ ಗಂಡ ಕೆಲಸವನ್ನು ತಲೆಕೆಳಗು ಮಾಡಿದ. ಮೊದಲು ಕಂಬ ನೆಟ್ಟು ಸೂರು, ಆಮೇಲೆ ಅದರ ನೆರಳಿನಲ್ಲಿ ಗೋಡೆ. ಸೂರಿಗೆ ಹುಲ್ಲೆಲ್ಲಿ? ನನ್ನ ತವರು ಕೆ.ಆರ್. ನಗರದ ಆಚೆ ಸಾಲಿಗ್ರಾಮದ ಹತ್ತಿರ, ಕಾಲುವೆ ನೀರಿನ ಊರು, ತೆಂಗಿಗೆ ಬರವಿಲ್ಲ. ಅಣ್ಣನಿಗೆ ಸುದ್ದಿ ಕಳಿಸಿದೆ. ಮೂರನೇ ದಿನ ಅಣ್ಣ ಟೆಂಪೊ ತುಂಬ ಹೆಣೆದ ತೆಂಗಿನ ಗರಿ ಹೇರಿಕೊಂಡು, ಅದರ ತುದಿಯಲ್ಲಿ ತಾನೇ ಕೂತು ಬಂದ. "ಏನವ್ವಾ, ಮೊಮ್ಮಗಳಿಗೆ ಚಪ್ಪರ ಹಾಕ್ಸಕ್ಕೆ ಈಗ್ಲೇ ಗಂಡು ನೋಡಿದೀಯಾ?" ಅಂದ.

ಒಣಗಿದ ಗುಡ್ಡೆಗೆ ಮತ್ತೆ ನೀರುಣಿಸಿ ತುಳಿದೆ. ಈ ಸಲ ಸಿಟ್ಟಿನಲ್ಲಿ ತುಳಿದೆ. ಧಣಿಯನ್ನು ತುಳಿದೆ, ಬೋರ್ಡನ್ನು ತುಳಿದೆ, ಆ ಕನ್ನಡಕ ಒರೆಸುವುದನ್ನು ತುಳಿದೆ. ಮಣ್ಣು ಅಷ್ಟು ಚೆನ್ನಾಗಿ ಹದವಾದದ್ದು ನಾನು ಜೀವಮಾನದಲ್ಲಿ ಕಂಡಿಲ್ಲ. ಮಳೆಗಾಲದ ತೇವಕ್ಕೆ ವರಸೆಗೆ ಏಳೆಂಟು ದಿನ ಹಿಡಿಯಿತು. ದಿನ ಬೆಳಗಾದರೆ ಹೋಗಿ ಹಿಮ್ಮಡಿ ಊರಿ ನೋಡುವುದು. ಗುರುತು ಬಿತ್ತೋ, ಕಾಯುವುದು. ಮಗಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದು, "ಅವ್ವ, ಇನ್ನೆಷ್ಟು?" ಅನ್ನುವಳು. ಐದು. ನಾಲ್ಕು. ಮೂರು. ಆಷಾಢ ಹುಟ್ಟಿದರೆ ಹೊಸ ಕೋಣೆಗೆ ಕಾಲಿಡುವಂತಿಲ್ಲ. ಏಳನೇ ವರಸೆಯ ಮೇಲೆ ನನ್ನ ಹಿಮ್ಮಡಿ ಗುರುತು ಬೀಳದೆ ನಿಂತ ಬೆಳಗ್ಗೆಗೂ ಆಷಾಢಕ್ಕೂ ನಡುವೆ ಇದ್ದದ್ದು ಎರಡು ದಿನ. ಅದರಲ್ಲೇ ಸಾರಿಸಿ, ಹಾಲುಕ್ಕಿಸಿ, ತಾಯಿ ಮಗುವನ್ನು ಒಳಗೆ ಕರೆದೆವು. ವಾರದೊಳಗೆ ಬ್ಯಾರನ್ನಿಗೆ ಪೈಪು ಬಂತು.

ಬೀಗಿತ್ತಿ ನೋಡಲು ಬಂದಳು. ಗೋಡೆಗೆ ಅಂಗೈ ಒತ್ತಿದಳು. ಮೂಲೆ ಮೂಲೆಯನ್ನೂ ನೋಡಿದಳು. ಮೂಗು ಒರೆಸಲಿಲ್ಲ. "ಇಲ್ಲೇ ಒಂಚೂರು ಸೊಂಟ ಆನಿಸ್ತೀನಿ," ಅಂತ ಮಲಗಿದವಳು ಗೊರಕೆ ಹೊಡೆದಳು. ಮೊಮ್ಮಗಳು ಕೂತುಕೊಳ್ಳುವವರೆಗೂ ಇಲ್ಲೇ ಇರಲಿ ಅಂತ ಹೋಗುವಾಗ ಅವಳೇ ಅಂದಳು.

ಕೂತುಕೊಂಡಳು ನನ್ನ ಮೊಮ್ಮಗಳು. ಆರನೇ ತಿಂಗಳು ಅದು. ನಾನು ಒರಳಲ್ಲಿ ರುಬ್ಬುತ್ತಿದ್ದೆ, ಮಗಳು ಒಳಗಿನಿಂದ ಕೂಗಿಕೊಂಡಳು. ಓಡಿ ಹೋದರೆ ಮಗು ಗೋಡೆಯ ಮುಂದೆ ಕೂತಿದೆ, ಎರಡು ಕೈಯನ್ನೂ ಗೋಡೆಗೆ ಕೊಟ್ಟು, ಮುಖ ಒತ್ತಿ, ಮಣ್ಣು ನೆಕ್ಕುತ್ತಿದೆ. ಗಲ್ಲದ ಮೇಲೆಲ್ಲ ಕೆಂಪು ಜೊಲ್ಲು. ಅವಳು ಬಾಯಿಟ್ಟ ಜಾಗ ಒಂದು ಬಿಲ್ಲೆಯಷ್ಟು ನುಣ್ಣಗಾಗಿದೆ.

"ಅವ್ವ, ಮಣ್ಣು ತಿಂತಾವ್ಳೆ ಕಣವ್ವ, ಬಾಯಿಂದ ತೆಗ್ಸು!" ಅಂತ ಮಗಳು ಬಡಬಡಿಸಿದಳು.

ನಾನು ಎತ್ತಿಕೊಂಡು ಸೆರಗಿನಿಂದ ಬಾಯಿ ಒರೆಸಿದೆ. ಅವಳು ನನ್ನ ಕೈ ತಳ್ಳಿ ಗೋಡೆಯ ಕಡೆಗೇ ಬಾಗಿ ಅತ್ತಳು. ಅಬ್ಬಾ, ಏನು ಹಟ, ಏನು ಸಿಟ್ಟು. ಆ ಸಿಟ್ಟೂ ನನ್ನದೇ. ನನಗೆ ನಗು ತಡೆಯಲಾಗಲಿಲ್ಲ.

"ಒಂಚೂರು ತಿನ್ಲಿ ಬುಡೆ," ಅಂದೆ ಮಗಳಿಗೆ. "ಅಂಟು ಕಲ್ಸಿಲ್ಲ ಅದ್ಕೆ."

ಮಗಳು ನನ್ನನ್ನೂ ಸೇರಿಸಿ ಬೈದಳು. ಬೈಸಿಕೊಂಡೇ ನಾನು ಹಿತ್ತಲಿಗೆ ಹೋಗಿ ಒಂದು ಮುಷ್ಟಿ ಹಸಿ ಮಣ್ಣು ತಂದು ಆ ಬಿಲ್ಲೆಯಷ್ಟು ಜಾಗಕ್ಕೆ ಮೆತ್ತಿದೆ. ಮಾರನೇ ದಿನ ಮೊಮ್ಮಗಳು ಪಕ್ಕದಲ್ಲಿ ಇನ್ನೊಂದು ಕಡೆ ಶುರುಮಾಡಿದ್ದಳು.